ತಂದೆಯವರ ಮಾಸ್ಕೋ ಫೋಟೊ: ಯಾವ ಕಟ್ಟಡ, ಯಾವ ಕಾಲದ್ದು?

ನಿಮ್ಮ ತಂದೆಯವರ ಹಳೆಯ ಫೋಟೊದಲ್ಲಿರುವ ಎತ್ತರದ ಕಟ್ಟಡ ಮಾಸ್ಕೋ ಯೂನಿವರ್ಸಿಟಿಯೇ, ಫೋಟೊ 70ರ ದಶಕದ್ದೇ ಅಂತ ಕೇಳಿದ್ದೀರಿ. ನೀವು ಯೂನಿವರ್ಸಿಟಿ ಅಂದುಕೊಂಡಿರುವುದು ಬೇರೆ ಕಟ್ಟಡ ಇರಬೇಕು, ಅದಕ್ಕೇ ನೆಟ್‌ನಲ್ಲಿರುವ ಚಿತ್ರಕ್ಕೆ ಹೊಂದುತ್ತಿಲ್ಲ. ಸ್ಟಾಲಿನ್ ಕಾಲದ ಯೋಜನೆಯಲ್ಲಿ ಮಾಸ್ಕೋದಲ್ಲಿ ಹೆಚ್ಚುಕಡಿಮೆ ಒಂದೇ ಚಹರೆಯ ಏಳು ಗೋಪುರ ಎದ್ದವು. ನಮ್ಮ ದೊಡ್ಡಪ್ಪನ ಆಲ್ಬಮ್ ನೋಡುವಾಗ ನಾನೂ ಇಲ್ಲೇ ಎಡವಿದ್ದೆ.

ಮೊದಲು ಫೋಟೊವನ್ನು ಸ್ಕ್ಯಾನ್ ಮಾಡಿ, ಗೋಪುರದ ತುದಿಯನ್ನು ದೊಡ್ಡದು ಮಾಡಿ ನೋಡಿ. ನಕ್ಷತ್ರವಿಲ್ಲದೆ ಬರೀ ಮೊನೆ ಇದ್ದರೆ ಅದು ವಿದೇಶಾಂಗ ಸಚಿವಾಲಯ. ನಕ್ಷತ್ರ ಇದ್ದರೆ ಅದೇ ಕಟ್ಟಡದ ಪಕ್ಕದ ಗೋಪುರಗಳನ್ನು ನೋಡಿ. ಅಲ್ಲಿ ದೊಡ್ಡ ಗಡಿಯಾರ ಕಂಡರೆ ಯೂನಿವರ್ಸಿಟಿಯೇ, 1953ರದ್ದು, 240 ಮೀಟರ್ ಎತ್ತರ. ಬುಡದಲ್ಲೇ ನದಿ ಇದ್ದರೆ ಉಕ್ರೈನಾ ಹೋಟೆಲ್ ಅಥವಾ ಕೊತೆಲ್ನಿಚೆಸ್ಕಯಾ ದಂಡೆಯ ವಸತಿ ಕಟ್ಟಡ ಇರಬಹುದು.

ಆಮೇಲೆ ಕಾಲ. ಇದಕ್ಕೆ ಗೋಪುರಕ್ಕಿಂತ ಹಿನ್ನೆಲೆಯೇ ಮುಖ್ಯ. ಕ್ರೆಮ್ಲಿನ್ ಪಕ್ಕ ಅಗಲವಾದ ಪೆಟ್ಟಿಗೆಯಂಥ ಕಟ್ಟಡ ಕಂಡರೆ ಅದು ರೊಸ್ಸಿಯಾ ಹೋಟೆಲ್. 1967ರಲ್ಲಿ ತೆರೆಯಿತು, 2006ರಲ್ಲಿ ಮುಚ್ಚಿ ಕೆಡವಲು ಶುರು ಮಾಡಿದರು, ಈಗ ಅಲ್ಲಿ ಜರ್ಯಾದ್ಯೆ ಪಾರ್ಕ್ ಇದೆ. ನದಿ ದಡದಲ್ಲಿ ದುಂಡಗಿನ ಬಯಲು ಈಜುಕೊಳ ಕಂಡರೆ 1960ರಿಂದ 1994ರೊಳಗಿನ ಫೋಟೊ. ಅದೇ ಜಾಗದಲ್ಲಿ 1931ರಲ್ಲಿ ಸ್ಫೋಟಿಸಿ ಉರುಳಿಸಿದ ಕ್ರೈಸ್ಟ್ ದ ಸೇವಿಯರ್ ಕ್ಯಾಥೆಡ್ರಲ್ ಅನ್ನುವ ದೊಡ್ಡ ಚರ್ಚನ್ನು ಮತ್ತೆ ಕಟ್ಟಿದ್ದಾರೆ. ಹಾಗಾಗಿ ಕಲರ್ ಫೋಟೊದಲ್ಲಿ ಅದರ ಚಿನ್ನದ ಗುಮ್ಮಟ ಇದ್ದರೆ 1990ರ ದಶಕದ ಕೊನೆ ಅಥವಾ ಆಮೇಲಿನದು. ಗಾಜಿನ ಗಗನಚುಂಬಿಗಳ ಗುಂಪು ಇದ್ದರೆ 2000ದ ಈಚೆ.

ಇದರಿಂದ ಸರಿಯಾದ ವರ್ಷವೇ ಸಿಗುತ್ತದೆ ಅನ್ನಲಾರೆ, ಆದರೆ 70ರ ದಶಕ ಹೌದೋ ಅಲ್ವೋ ಅನ್ನುವುದು ಸಾಮಾನ್ಯವಾಗಿ ತಿಳಿಯುತ್ತದೆ. ಫೋಟೊದ ಹಿಂಬದಿಯಲ್ಲಿ ಸ್ಟುಡಿಯೊ ಮೊಹರು ಇದೆಯಾ ಅಂತಲೂ ನೋಡಿ.