ಟ್ಯಾಂಕಿಗೆ ಯಾವ ಬೋರ್ಡ್ ಹಾಕಲಿ?

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ಮನೆ ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ತಾನಾಗಿ ನಿಲ್ಲಬೇಕು, ನೀರು ಎಷ್ಟಿದೆ ಅಂತ ಮೊಬೈಲಿನಲ್ಲಿ ಕಾಣಬೇಕು. ಇದಕ್ಕೆ ಬೇಕಾದ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ಊನೊ ತಗೊಳ್ಳಲಾ, ಇಎಸ್‌ಪಿ32 ತಗೊಳ್ಳಲಾ? ನಮ್ಮ ಗದ್ದೆಗೆ ಎಡದಂಡೆ ಕಾಲುವೆ ನೀರಿದೆ, ಬೇಸಿಗೆಗೆ ಬೋರ್ ಇದೆ. ಮುಂದೆ ಆ ಬೋರಿಗೂ ಇದನ್ನೇ ಹಾಕುವ ಆಸೆ.
– ಓದುಗರು, ಗಂಗಾವತಿ

ಉತ್ತರ: ಮೊಬೈಲಿನಲ್ಲಿ ಕಾಣಬೇಕು ಅಂದಮೇಲೆ ಇಎಸ್‌ಪಿ32 ತಗೊಳ್ಳಿ. ವೈಫೈ, ಬ್ಲೂಟೂತ್ ಎರಡೂ ಅದರೊಳಗೇ ಇವೆ. ಊನೊ ಆರ್3ರಲ್ಲಿ ಎರಡೂ ಇಲ್ಲ. ಊನೊ ವೇಗ 16 ಮೆಗಾಹರ್ಟ್ಸ್, ಇದರದ್ದು 240ರ ತನಕ ಅಂತ ಅಂಗಡಿಯವರು ಹೇಳ್ತಾರೆ, ನಿಜ, ಆದರೆ ಟ್ಯಾಂಕಿನ ನೀರು ಅಳೆಯೋಕೆ ಅಷ್ಟು ವೇಗ ಬೇಕಿಲ್ಲ ಅಲ್ವಾ?

ನೀವು ನೋಡಬೇಕಾದದ್ದು ವೋಲ್ಟೇಜ್. ಊನೊ 5 ವೋಲ್ಟಿನದು, ಇಎಸ್‌ಪಿ32ರ ಪಿನ್‌ಗಳು 3.3 ವೋಲ್ಟಿನವು. ಎಲ್ಲರೂ ಮೊದಲು ಕೊಳ್ಳುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ (ಮೇಲಿನಿಂದ ಶಬ್ದ ಕಳಿಸಿ, ಅದು ತಿರುಗಿ ಬರುವ ಹೊತ್ತಿನಿಂದ ನೀರಿನ ದೂರ ಅಳೆಯುವುದು) 5 ವೋಲ್ಟಿನಲ್ಲಿ ನಡೆಯುತ್ತದೆ, ಬೋರ್ಡಿಗೆ ಉತ್ತರ ಕೊಡುವ ಅದರ ಎಕೋ ಪಿನ್ನಿನಿಂದ ಬರುವುದೂ 5 ವೋಲ್ಟೇ. ಸುಮ್ನೆ ನೇರ ಸಿಗಿಸಿದರೆ ಇವತ್ತು ನಡೆದೀತು, ಬೋರ್ಡಿನ ಪಿನ್ ಯಾವತ್ತು ಹೋಗುತ್ತದೋ ಹೇಳಲಾಗದು. ಎಕೋ ಮತ್ತು ಬೋರ್ಡಿನ ಪಿನ್ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋ ಓಮ್. ಪಿನ್ನಿಗೆ ಸುಮಾರು 3.3 ವೋಲ್ಟ್ ಅಷ್ಟೇ ತಲುಪುತ್ತದೆ.

ಈ ಸೆನ್ಸರ್ ಟ್ಯಾಂಕಿನೊಳಗಿನ ತೇವ ತಡೆಯುವುದಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟು ವಾಟರ್‌ಪ್ರೂಫ್ ಆದ ಜೆಎಸ್‌ಎನ್-ಎಸ್‌ಆರ್04ಟಿ ತನ್ನಿ. ಇದನ್ನು 5 ವೋಲ್ಟಿನಲ್ಲಿ ನಡೆಸಿದರೆ ಇದಕ್ಕೂ ಅದೇ ಎರಡು ರೆಸಿಸ್ಟರ್ ಬೇಕು. ಆದರೆ ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ ನೀರನ್ನು ಇದು ಸರಿಯಾಗಿ ಅಳೆಯುವುದಿಲ್ಲ, ಟ್ಯಾಂಕ್ ತುಂಬುವ ಹೊತ್ತಿಗೇ ತಪ್ಪು ಲೆಕ್ಕ ಕೊಟ್ಟರೆ ನಿಮ್ಮ ಕೆಲಸವೇ ಕೆಟ್ಟಂತೆ. ಹಾಗಾಗಿ ನೀರು ಏರುವ ಕೊನೆಯ ಮಟ್ಟಕ್ಕಿಂತ ಅಷ್ಟು ಮೇಲೆ ಕೂರಿಸಿ.

ಮೋಟರ್ ಆನ್-ಆಫ್ ಮಾಡಲು ಬೋರ್ಡ್ ನಡೆಸುವ ಸ್ವಿಚ್ಚೇ ರಿಲೇ. ಅದನ್ನು ಇಎಸ್‌ಪಿ32ರ 34ರಿಂದ 39ರವರೆಗಿನ ಪಿನ್‌ಗಳಿಗೆ ಕೊಡಬೇಡಿ, ಅವು ಇನ್‌ಪುಟ್‌ಗೆ ಮಾತ್ರ. 12ನೇ ಪಿನ್ನನ್ನೂ ಬಿಡಿ: ಬೋರ್ಡ್ ಆನ್ ಆಗುವಾಗ ಅದು ಹೈ (ಅಂದರೆ ಅದಕ್ಕೆ 3.3 ವೋಲ್ಟ್ ಬರುತ್ತಾ) ಇದ್ದರೆ ಬೂಟ್ ಆಗದೇ ನಿಲ್ಲಬಹುದು. 25, 26 ಚೆನ್ನಾಗಿವೆ. ಆ ಸಣ್ಣ ರಿಲೇಯಿಂದ ಮೋಟರನ್ನೇ ನೇರ ಓಡಿಸಬೇಡಿ, ನಡುವೆ ಕಾಂಟ್ಯಾಕ್ಟರ್ (ಮೋಟರಿನ ಹೆಚ್ಚು ಕರೆಂಟ್ ತಡೆಯುವ ದೊಡ್ಡ ಸ್ವಿಚ್) ಇರಲಿ.

ಗದ್ದೆಯ ಮಾತೇ ಬೇರೆ. ಮನೆಯ ವೈಫೈ ಅಲ್ಲಿಗೆ ಮುಟ್ಟುವುದಿಲ್ಲ, ಸಿಮ್ ಹಾಕುವ ಮಾಡ್ಯೂಲ್ ಬೇಕು. ಅಗ್ಗಕ್ಕೆ ಸಿಗುವ ಸಿಮ್800ಎಲ್ ಬರೀ 2ಜಿಯದ್ದು, ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. 4ಜಿ ಮಾಡ್ಯೂಲನ್ನೇ ಕೊಳ್ಳಿ. ಮತ್ತೆ ತ್ರೀ ಫೇಸ್ ಸ್ಟಾರ್ಟರ್ ಪೆಟ್ಟಿಗೆಗೆ ನೀವೊಬ್ಬರೇ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಜೊತೆಗಿರಲಿ.