ಓದುಗರ ಪ್ರಶ್ನೆ, ನಮ್ಮ ಉತ್ತರ: ಐವತ್ತು ವರ್ಷದ ಕ್ರೀಡಾಂಗಣಕ್ಕೆ ಇನ್ನೆಷ್ಟು ಹಣ?

ಪ್ರಶ್ನೆ: ಮಗಳ ಮನೆಗೆಂದು ಕೆನಡಾದ ಮಾಂಟ್ರಿಯಲ್ ನಗರಕ್ಕೆ ಹೋಗಿ ಬಂದೆ. ಅವರ ಬಾಲ್ಕನಿಯಲ್ಲಿ ನಿಂತರೆ 1976ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣವೂ ಅದರ ಮೇಲೆ ಬಾಗಿ ನಿಂತ ಗೋಪುರವೂ ಕಾಣುತ್ತವೆ. ನೋಡಲು ಹೋದರೆ ಕಾಮಗಾರಿಯ ಬೇಲಿ, ಒಳಗೆ ಪ್ರವೇಶವಿಲ್ಲ. ಬರೀ ಚಾವಣಿ ಬದಲಿಸಲು 87 ಕೋಟಿ ಡಾಲರ್ ಖರ್ಚಂತೆ. ‘ಆ ದುಡ್ಡಿನಲ್ಲಿ ಆಸ್ಪತ್ರೆ ಕಟ್ಟಬಹುದಿತ್ತು ಮಾವ’ ಎಂದು ಅಳಿಯಂದಿರು ಸಿಟ್ಟಾದರು. ಖಾಯಂ ತಂಡವೂ ಇಲ್ಲದ, ಅಗತ್ಯಕ್ಕಿಂತ ದೊಡ್ಡದಾದ ಹಳೆಯ ಕ್ರೀಡಾಂಗಣಕ್ಕೆ ಒಂದು ಊರು ಹೀಗೆ ಹಣ ಸುರಿಯುತ್ತಲೇ ಇರಬೇಕೆ?
– ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ನಿಮ್ಮ ಅಳಿಯಂದಿರ ಸಿಟ್ಟು ನ್ಯಾಯವಾದದ್ದೇ. ಒಂದು ತಿದ್ದುಪಡಿ ಮಾತ್ರ ಬೇಕು. ಈ ಹಣವನ್ನು ಕೊಡುತ್ತಿರುವುದು ಮಾಂಟ್ರಿಯಲ್ ನಗರಪಾಲಿಕೆಯಲ್ಲ, ಕ್ವಿಬೆಕ್ ಪ್ರಾಂತ್ಯದ ಸರ್ಕಾರ. ನಗರದ ಕೈಯಲ್ಲಿ ಕಾಮಗಾರಿ ಮುಗಿಯುವ ಲಕ್ಷಣ ಕಾಣದಿದ್ದಾಗ, 1975ರ ನವೆಂಬರಿನಲ್ಲಿ, ಪ್ರಾಂತ್ಯವೇ ಅದನ್ನು ವಶಕ್ಕೆ ತೆಗೆದುಕೊಂಡು ಪ್ರತ್ಯೇಕ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ಆದ್ದರಿಂದ ಆ ಕ್ರೀಡಾಂಗಣವನ್ನು ಕಣ್ಣಿನಿಂದ ನೋಡದ, ಉತ್ತರದ ಗಣಿ ಊರುಗಳಲ್ಲಿ ಬದುಕುವ ಜನರೂ ಈ ಚಾವಣಿಗೆ ತೆರಿಗೆ ಕಟ್ಟುತ್ತಿದ್ದಾರೆ.

ಮೇಯರ್ ಜಾನ್ ದ್ರಾಪೊ ಅವರ ಮಾತೊಂದು ಅಲ್ಲಿ ಇಂದಿಗೂ ಗಾದೆಯಂತೆ ಚಲಾವಣೆಯಲ್ಲಿದೆ. ಗಂಡಸು ಹೇಗೆ ಮಗುವನ್ನು ಹೆರಲಾರನೋ ಹಾಗೆಯೇ ಒಲಿಂಪಿಕ್ಸ್‌ನಲ್ಲಿ ನಷ್ಟವಾಗಲಾರದು ಎಂದು ಅವರು ಹೇಳಿದ್ದರು. ವೆಚ್ಚ ಏರತೊಡಗಿದಾಗ ವ್ಯಂಗ್ಯಚಿತ್ರಕಾರರೊಬ್ಬರು ಮೇಯರ್ ಅವರನ್ನೇ ತುಂಬು ಗರ್ಭಿಣಿಯಾಗಿ ಚಿತ್ರಿಸಿದರು. ಫ್ರಾನ್ಸಿನ ವಾಸ್ತುಶಿಲ್ಪಿ ರೋಜೆ ತಾಯಿಬೆರ್ ರೂಪಿಸಿದ ಈ ಕಟ್ಟಡದ ಮೊದಲ ಅಂದಾಜು 13 ಕೋಟಿ ಡಾಲರಿನ ಆಸುಪಾಸಿನಲ್ಲಿತ್ತು. ಬಡ್ಡಿ, ರಿಪೇರಿಗಳೆಲ್ಲ ಸೇರಿ ಅದು ಸುಮಾರು 160 ಕೋಟಿಗೆ ಮುಟ್ಟಿತು. ಸಾಲ ತೀರಿಸಲೆಂದು 1976ರಲ್ಲಿ ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಲಾಯಿತು. ಆ ಸಾಲ ಹರಿದದ್ದು 2006ರಲ್ಲಿ. ಹದಿನಾರು ದಿನಗಳ ಕ್ರೀಡಾಕೂಟಕ್ಕೆ ಒಂದು ಪ್ರಾಂತ್ಯದ ಬೀಡಿ-ಸಿಗರೇಟಿನವರು ಮೂವತ್ತು ವರ್ಷ ಕಂತು ಕಟ್ಟಿದರು ಎಂದಾಯಿತು. (ಅಲ್ಲಿ ಬೀಡಿ ಇಲ್ಲ, ಬಲ್ಲೆ; ಬಾಯಿಗೆ ಬಂದ ಜೋಡಿಪದ ಬಿಡಲಾಗಲಿಲ್ಲ.) ಕಟ್ಟಡದ ದುಂಡನೆಯ ಆಕಾರಕ್ಕೆ ‘ಬಿಗ್ ಓ’ ಎಂದು ಬಂದ ಅಡ್ಡಹೆಸರನ್ನು ಅಲ್ಲಿಯ ಇಂಗ್ಲಿಷ್ ಮಾತಿನವರು ಅದೇ ಉಚ್ಚಾರದಲ್ಲಿ ‘ದೊಡ್ಡ ಬಾಕಿ’ ಎಂಬ ಅರ್ಥಕ್ಕೆ ತಿರುಗಿಸಿಕೊಂಡರು.

ಇನ್ನು ಚಾವಣಿ. ಒಲಿಂಪಿಕ್ಸ್ ನಡೆಯುವಾಗ ಚಾವಣಿಯೂ ಇರಲಿಲ್ಲ, ಗೋಪುರವೂ ಪೂರ್ತಿಯಾಗಿರಲಿಲ್ಲ. ಆ ಗೋಪುರದಿಂದ ಕೇಬಲ್‌ಗಳಲ್ಲಿ ತೂಗಿ, ಕೊಡೆಯಂತೆ ಮಡಚಿ ಮೇಲಕ್ಕೆಳೆದುಕೊಳ್ಳುವ ಬಟ್ಟೆಯ ಹೊದಿಕೆ ಬಂದದ್ದು 1987ರಲ್ಲಿ. ಗಾಳಿ ಸ್ವಲ್ಪ ಜೋರಾದರೆ ಅದನ್ನು ತೆರೆಯುವಂತಿರಲಿಲ್ಲ, ಮೇಲಿಂದ ಮೇಲೆ ಹರಿಯುತ್ತಿತ್ತು. 1998ರಲ್ಲಿ ಅದನ್ನು ತೆಗೆದು, ತೆರೆಯಲಾಗದ ಇನ್ನೊಂದು ಹೊದಿಕೆಯನ್ನು ಬಿಗಿದರು. ಮರು ಜನವರಿಯಲ್ಲಿಯೇ, ಕೆಳಗೆ ಕಾರು ಮೇಳಕ್ಕೆ ಸಿದ್ಧತೆ ನಡೆಯುತ್ತಿದ್ದಾಗ, ಅದರ ಒಂದು ಭಾಗ ಹರಿದು ಹಿಮರಾಶಿ ಒಳಕ್ಕೆ ಸುರಿಯಿತು. ಅಂದಿನಿಂದ ಚಳಿಗಾಲದಲ್ಲಿ ಅಲ್ಲಿ ಕಾರ್ಯಕ್ರಮವಿಟ್ಟುಕೊಳ್ಳುವುದೇ ಕಷ್ಟವಾಯಿತು. ಚಾವಣಿಯ ಮೇಲೆ 3 ಸೆಂಟಿಮೀಟರಿಗಿಂತ ಹೆಚ್ಚು ಹಿಮವಿದ್ದರೆ ಒಳಗೆ ಕಾರ್ಯಕ್ರಮ ನಡೆಸುವಂತಿಲ್ಲ ಎಂಬ ನಿಯಮ ಬಂತು. ಒಂದು ಚಳಿಗಾಲದಲ್ಲಿ ಎರಡು ಮೀಟರಿನಷ್ಟು ಹಿಮ ಬೀಳುವ ಊರದು. ನವೆಂಬರಿನಲ್ಲಿ ಸಭಾಂಗಣ ಕಾದಿರಿಸಿ, ಆ ದಿನ ಬಾಗಿಲು ತೆರೆಯುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತ ಕೂರುವ ಸಂಘಟಕ ಯಾರಿದ್ದಾನು? ತೆಗೆದುಹಾಕುವ ಹೊತ್ತಿಗೆ ಆ ಹೊದಿಕೆಯಲ್ಲಿ 20,000ಕ್ಕೂ ಹೆಚ್ಚು ಹರಿದ ಗುರುತುಗಳಿದ್ದವು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. 2024ರ ಫೆಬ್ರವರಿಯಲ್ಲಿ ಚಾವಣಿಯ ಯೋಜನೆಯನ್ನು ಪ್ರಕಟಿಸಿದಾಗ ಸರ್ಕಾರ ಮುಂದಿಟ್ಟ ಲೆಕ್ಕ ಇದು: ವರ್ಷಕ್ಕೆ ಮೂವತ್ತರಷ್ಟಿರುವ ಕಾರ್ಯಕ್ರಮಗಳು 120ರಿಂದ 150ಕ್ಕೆ ಏರುತ್ತವೆ, ಹತ್ತು ವರ್ಷಗಳಲ್ಲಿ ವಾರ್ಷಿಕ ಆದಾಯ 2 ಕೋಟಿಯಿಂದ 6.1 ಕೋಟಿ ಡಾಲರಿಗೆ ಬೆಳೆಯುತ್ತದೆ, ಹೊಸ ಚಾವಣಿ ಐವತ್ತು ವರ್ಷ ಬಾಳುತ್ತದೆ. ಈ ಮೂರನ್ನೂ ಹಾಗೆಯೇ ನಂಬಿ ಲೆಕ್ಕ ಹಾಕಿದರೂ, ಹೆಚ್ಚುವರಿಯಾಗಿ ಬರುವ 4.1 ಕೋಟಿಯಿಂದ 87 ಕೋಟಿಯನ್ನು ವಸೂಲು ಮಾಡಲು ಇಪ್ಪತ್ತೊಂದು ವರ್ಷ ಬೇಕು. ಅದೂ ಬಡ್ಡಿಯನ್ನು ಸೇರಿಸದೆ, ಆ ಕಾರ್ಯಕ್ರಮಗಳನ್ನು ನಡೆಸುವ ಖರ್ಚನ್ನು ಕಳೆಯದೆ, ಮೊದಲ ದಿನದಿಂದಲೇ ಪೂರ್ತಿ ಆದಾಯ ಬರುತ್ತದೆಂದು ಭಾವಿಸಿ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಮಾಡುವ ಕೆಲಸವಲ್ಲ. ನನ್ನ ಆಕ್ಷೇಪವಿರುವುದು ಇಲ್ಲಿಯೇ: ಸಾರ್ವಜನಿಕ ವೆಚ್ಚವೊಂದಕ್ಕೆ ವ್ಯಾಪಾರದ ಅಂಗಿ ತೊಡಿಸಿ ಜನರ ಮುಂದೆ ತರುವುದು. ಆಸ್ಪತ್ರೆ ಲಾಭ ತರಬೇಕೆಂದು ಯಾರೂ ಕೇಳುವುದಿಲ್ಲ, ಅದು ಖರ್ಚೆಂದು ಒಪ್ಪಿಕೊಂಡೇ ಕಟ್ಟುತ್ತೇವೆ. ಕ್ರೀಡಾಂಗಣವೂ ಖರ್ಚೇ ಎಂದು ಮೊದಲು ಒಪ್ಪಿಕೊಂಡರೆ, ಆಸ್ಪತ್ರೆಯ ಪಕ್ಕದಲ್ಲಿ ಅದನ್ನಿಟ್ಟು ತೂಗುವುದು ಸಾಧ್ಯವಾಗುತ್ತದೆ. ಲಾಭದ ಕಥೆ ಹೇಳಿದ ಕೂಡಲೇ ತಕ್ಕಡಿಯೇ ಮರೆಯಾಗುತ್ತದೆ.

ಹಾಗೆ ತೂಗುವಾಗ ಇನ್ನೊಂದು ತಟ್ಟೆಗೂ ಕೆಲವು ಸಂಗತಿಗಳು ಬೀಳಬೇಕು. 2017ರ ಬೇಸಿಗೆಯಲ್ಲಿ ಅಮೆರಿಕದ ಗಡಿ ದಾಟಿ ಬಂದ ಆಶ್ರಯಾರ್ಥಿಗಳಿಗೆ ಮಂಚ ಹಾಕಿಕೊಟ್ಟದ್ದು ಇದೇ ಕ್ರೀಡಾಂಗಣದಲ್ಲಿ. 2021ರ ಮಾರ್ಚಿನಲ್ಲಿ ಕೋವಿಡ್ ಲಸಿಕೆಗೆ ಸಾಲು ನಿಂತದ್ದೂ ಇಲ್ಲಿಯೇ. ಪಕ್ಕದ ಸೈಕಲ್ ಓಟದ ಅಂಗಣವನ್ನು 1992ರಲ್ಲಿ ‘ಬಯೋಡೋಮ್’ ಎಂಬ ಜೀವಸಂಗ್ರಹಾಲಯವನ್ನಾಗಿ ಮಾರ್ಪಡಿಸಿದರು, ಅದಕ್ಕೆ ಜನ ಬರುತ್ತಾರೆ. ದಶಕಗಳ ಕಾಲ ಬಹುಪಾಲು ಖಾಲಿಯಿದ್ದ ಗೋಪುರದ ಮಹಡಿಗಳಿಗೆ 2018ರಲ್ಲಿ ದೊಡ್ಡ ಸಹಕಾರಿ ಹಣಕಾಸು ಸಂಸ್ಥೆಯೊಂದು ಕಚೇರಿ ತಂದಿತು. ಕ್ರೀಡೆಗೆಂದು ಕಟ್ಟಿದ ಜಾಗದಲ್ಲಿ ಕ್ರೀಡೆಯ ಹೊರತು ಮಿಕ್ಕದ್ದೆಲ್ಲ ಗೆದ್ದಿದೆ ಎಂಬುದು ವಿಚಿತ್ರವಾದರೂ ನಿಜ.

ಒಟ್ಟಿನಲ್ಲಿ, ಹಿಂದೆ ಸುರಿದ 160 ಕೋಟಿ ಇನ್ನೂ ಸುರಿಯಲು ಕಾರಣವಾಗಬಾರದು, ನಿಲ್ಲಿಸಲೂ ಕಾರಣವಾಗಬಾರದು. ಅದು ಹೋದದ್ದು ಹೋಯಿತು. ಇಂದು ಕೊಡುವ ಡಾಲರು ಏನನ್ನು ಕೊಳ್ಳುತ್ತದೆ ಎಂಬುದಷ್ಟೇ ಪ್ರಶ್ನೆ. ವರ್ಷವಿಡೀ ಬಾಗಿಲು ತೆರೆದಿರುವ ದೊಡ್ಡದೊಂದು ಸೂರು ಸಿಗುವುದಾದರೆ ಚಾವಣಿ ಹಾಕಿಸಲು ನಾನು ಒಪ್ಪುತ್ತೇನೆ, ಸಂತೋಷದಿಂದಲ್ಲ. 56,000 ಆಸನಗಳನ್ನು ತುಂಬಿಸುವ ತಂಡವೊಂದು ಎಲ್ಲಿಂದಲೋ ಬಂದೀತೆಂಬ ನಿರೀಕ್ಷೆಯ ಮೇಲೆ ಮಾತ್ರ ಒಂದು ಡಾಲರನ್ನೂ ಕೊಡಲಾರೆ.

ಪ್ರಶ್ನೆ: ಇಷ್ಟೆಲ್ಲ ಹೆಣಗಾಡುವ ಬದಲು ಅದನ್ನು ಕೆಡವಿ ಜಾಗವನ್ನಾದರೂ ಉಳಿಸಿಕೊಳ್ಳಬಹುದಲ್ಲ?
– ಗೃಹಿಣಿ, ಶಿವಮೊಗ್ಗ

ಉತ್ತರ: ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ, ಬರುವ ಸಾವಿರವಲ್ಲ, ಕೊಡುವ ಸಾವಿರ. ಕೆಡವುವುದಕ್ಕೆ ಸುಮಾರು 200 ಕೋಟಿ ಡಾಲರ್ ಬೇಕೆಂದು ಸರ್ಕಾರ ಹೇಳಿತು. ಚಾವಣಿ ಹಾಕಿಸಬೇಕೆಂದಿದ್ದವರೇ ಕೊಟ್ಟ ಅಂಕಿ ಇದಾದ್ದರಿಂದ ಅನುಮಾನದಿಂದ ನೋಡುವುದು ತಪ್ಪಲ್ಲ. ಆದರೂ ಕೆಲಸ ಸುಲಭದ್ದಲ್ಲ ಎಂಬುದಕ್ಕೆ ಕಾರಣವಿದೆ. ಬೇರೆಡೆ ಎರಕ ಹೊಯ್ದು ತಂದ ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಒಳಗೆ ಉಕ್ಕಿನ ಹುರಿಗಳನ್ನು ಹಾಯಿಸಿ ಭಾರೀ ಬಲದಿಂದ ಬಿಗಿದು ನಿಲ್ಲಿಸಿದ ಕಟ್ಟಡವದು. ಬಿಗಿದ ಹುರಿಯನ್ನು ಸಿಕ್ಕಸಿಕ್ಕಲ್ಲಿ ಕತ್ತರಿಸಿದರೆ ಏನಾಗುತ್ತದೆಂದು ಗುಡಾರ ಕಟ್ಟಿ ಬಿಚ್ಚಿದ ಯಾರಿಗಾದರೂ ಗೊತ್ತು. ಅದಕ್ಕಾಗಿಯೇ ಸಿಡಿಮದ್ದಿಟ್ಟು ಒಂದೇ ಏಟಿಗೆ ಉರುಳಿಸದೆ, ತುಂಡು ತುಂಡಾಗಿ ಬಿಚ್ಚಬೇಕಾಗುತ್ತದೆ. ಅದರ ತೂಕ ಎಂಥದ್ದೆಂಬುದು 1991ರ ಸೆಪ್ಟೆಂಬರಿನಲ್ಲಿಯೇ ಗೊತ್ತಾಗಿತ್ತು. 55 ಟನ್ನಿನ ತೊಲೆಯೊಂದು ಕಳಚಿ ಹೊರಗಿನ ನಡೆದಾರಿಯ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿ ಆಡುತ್ತಿದ್ದ ಎಕ್ಸ್‌ಪೋಸ್ ಬೇಸ್‌ಬಾಲ್ ತಂಡ ಆ ವರ್ಷದ ಉಳಿದ ತವರು ಪಂದ್ಯಗಳನ್ನು ಪರಊರಲ್ಲಿ ಆಡಿ ಮುಗಿಸಬೇಕಾಯಿತು.

ಕೆಡವುವುದೂ ಬೇಡ, ಹಣವೂ ಬೇಡ ಎಂಬ ಮೂರನೆಯ ದಾರಿ ಹೇಗಿರುತ್ತದೆಂದು ಅಮೆರಿಕದ ಹೂಸ್ಟನ್‌ನಲ್ಲಿ ನೋಡಬಹುದು. 1965ರಲ್ಲಿ ಜಗತ್ತಿನ ಎಂಟನೆಯ ಅದ್ಭುತವೆಂದು ಕರೆಸಿಕೊಂಡು ತೆರೆದ ಆಸ್ಟ್ರೋಡೋಮ್‌ನ ನವೀಕರಣಕ್ಕೆ 21.7 ಕೋಟಿ ಡಾಲರ್ ಸಾಲ ಎತ್ತಬಹುದೇ ಎಂದು 2013ರಲ್ಲಿ ಅಲ್ಲಿಯ ಮತದಾರರನ್ನೇ ಕೇಳಿದರು. ಬಹುಮತ ಬೇಡವೆಂದಿತು. ಆದರೆ ಬೇಡವೆಂದ ಮಾತ್ರಕ್ಕೆ ಕಟ್ಟಡ ಮಾಯವಾಗಲಿಲ್ಲ. 2017ರಲ್ಲಿ ಅದಕ್ಕೆ ಸಂರಕ್ಷಿತ ಸ್ಮಾರಕದ ಸ್ಥಾನ ಸಿಕ್ಕಿ, ಕೆಡವುವುದು ಇನ್ನಷ್ಟು ಕಠಿಣವಾಯಿತು. ಬಾಗಿಲು ಹಾಕಿಕೊಂಡೇ ಅದು ನಿಂತಿದೆ, ಕಾವಲಿನ ಖರ್ಚು ನಡೆದೇ ಇದೆ. ಜನರ ಅಭಿಪ್ರಾಯ ಕೇಳಿದ್ದು ಒಳ್ಳೆಯದೇ. ಮಾಂಟ್ರಿಯಲ್‌ನವರಿಗೆ ಆ ಅವಕಾಶವೂ ಸಿಗಲಿಲ್ಲ. ಆದರೆ ಮತಪತ್ರದಲ್ಲಿ ‘ಕೊಡಬೇಕೆ, ಬೇಡವೇ’ ಎಂದಷ್ಟೇ ಇದ್ದು, ‘ಬೇಡವಾದರೆ ಮುಂದೇನು’ ಎಂಬ ಸಾಲು ಇಲ್ಲದಿದ್ದರೆ ಫಲಿತಾಂಶ ಹೀಗಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಹೊರಗೆ ಸೂರ್ಯನಗರದಲ್ಲಿ 80,000 ಆಸನಗಳ ಕ್ರಿಕೆಟ್ ಕ್ರೀಡಾಂಗಣದ ಪ್ರಸ್ತಾವವಿದೆ. ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 2025ರ ಜೂನ್ 4ರಂದು ನಡೆದ ಕಾಲ್ತುಳಿತದ ನಂತರ ದೊಡ್ಡದೊಂದು ಬೇಕೇ ಬೇಕಲ್ಲವೇ?
– ವಿದ್ಯಾರ್ಥಿ, ಆನೇಕಲ್

ಉತ್ತರ: ಆ ದಿನ ಹನ್ನೊಂದು ಜನ ಪ್ರಾಣ ಕಳೆದುಕೊಂಡದ್ದು ಒಳಗೆ ಆಸನ ಸಾಲದೆ ಅಲ್ಲ, ಹೊರಗೆ ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ. ನೆರೆದಿದ್ದವರು ಲಕ್ಷಗಳ ಲೆಕ್ಕದಲ್ಲಿದ್ದರು, 80,000 ಆಸನಗಳಿದ್ದರೂ ಹೊರಗೆ ಉಳಿಯುವವರೇ ಹೆಚ್ಚಾಗಿರುತ್ತಿದ್ದರು. ಸುರಕ್ಷತೆಯ ಪ್ರಶ್ನೆ ಬೇರೆ, ಗಾತ್ರದ ಪ್ರಶ್ನೆ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಎರಡೂ ಕೆಡುತ್ತವೆ. ಗಾತ್ರದ ಬಗ್ಗೆ ನಾನು ಕೇಳುವುದು ಒಂದು ಕ್ಯಾಲೆಂಡರನ್ನು ಮಾತ್ರ. ಐಪಿಎಲ್ ತಂಡವೊಂದಕ್ಕೆ ಲೀಗ್ ಹಂತದಲ್ಲಿ ತವರಿನಲ್ಲಿ ಸಿಗುವುದು ಸಾಮಾನ್ಯವಾಗಿ ಏಳು ಪಂದ್ಯ. ಅದರ ಮೇಲೆ ಒಂದೆರಡು ಅಂತರರಾಷ್ಟ್ರೀಯ ಪಂದ್ಯ ಸೇರಿಸಿ. ಮಗಳ ಮದುವೆಗೆ ಜನ ಹೆಚ್ಚೆಂದು ಸ್ವಂತ ಛತ್ರ ಕಟ್ಟಿಸುವವನು ಮಿಕ್ಕ ಮುಹೂರ್ತಗಳಿಗೆ ಯಾರು ಬರುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳುತ್ತಾನೆ. ಉಳಿದ ಮುನ್ನೂರೈವತ್ತು ದಿನಗಳ ಬಾಡಿಗೆದಾರರ ಪಟ್ಟಿ ಟೆಂಡರಿಗೆ ಮುಂಚೆಯೇ ಹೊರಬರಲಿ, ಮತ್ತೆ ಮಾತಾಡೋಣ.

ಪ್ರಶ್ನೆ: 1976ರಲ್ಲಿ ಭಾರತದ ಹಾಕಿ ತಂಡ ಪದಕವಿಲ್ಲದೆ ಮರಳಿದ್ದು ಇದೇ ಮಾಂಟ್ರಿಯಲ್ ಕ್ರೀಡಾಂಗಣದಿಂದಲೇ?
– ಹಾಕಿ ಅಭಿಮಾನಿ, ಮಡಿಕೇರಿ

ಉತ್ತರ: ಊರು ಅದೇ, ಅಂಗಣ ಬೇರೆ. ಈ ದೊಡ್ಡ ಕ್ರೀಡಾಂಗಣದಲ್ಲಿ ನಡೆದದ್ದು ಮುಖ್ಯವಾಗಿ ಅಥ್ಲೆಟಿಕ್ಸ್. 800 ಮೀಟರ್ ಓಟದ ಫೈನಲ್‌ನಲ್ಲಿ ನಮ್ಮ ಶ್ರೀರಾಮ್ ಸಿಂಗ್ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದು, ಏಳನೆಯವರಾಗಿ ಮುಗಿಸಿದ್ದು ಅಲ್ಲಿ. ಅಂದಿನ 1 ನಿಮಿಷ 45.77 ಸೆಕೆಂಡಿನ ರಾಷ್ಟ್ರೀಯ ದಾಖಲೆಯನ್ನು ಮುರಿಯಲು 2018ರವರೆಗೆ ಕಾಯಬೇಕಾಯಿತು. ಹಾಕಿ ನಡೆದದ್ದು ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೋಲ್ಸನ್ ಕ್ರೀಡಾಂಗಣದಲ್ಲಿ, ಒಲಿಂಪಿಕ್ಸ್ ಹಾಕಿಯಲ್ಲಿ ಮೊದಲ ಬಾರಿಗೆ ಹಾಸಿದ ಕೃತಕ ಹುಲ್ಲಿನ ಮೇಲೆ. ನ್ಯೂಜಿಲೆಂಡ್ ಚಿನ್ನ ಗೆದ್ದಿತು, ನಮಗೆ ಏಳನೆಯ ಸ್ಥಾನ.

ಆ ಪುಟ್ಟ ಮೋಲ್ಸನ್ ಅಂಗಣದ ಕಥೆಯನ್ನು ಮೈಸೂರಿನ ಓದುಗರೂ ಕೇಳಬೇಕು. ಮಾಂಟ್ರಿಯಲ್‌ನ ಫುಟ್‌ಬಾಲ್ ತಂಡ ಅಲ್ವೆಟ್ಸ್ (ಅದು ಕೆನಡಾದ ಫುಟ್‌ಬಾಲ್, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ) ಒಲಿಂಪಿಕ್ ಕ್ರೀಡಾಂಗಣದಲ್ಲಿಯೇ ಆಡುತ್ತಿತ್ತು. ಅಷ್ಟು ದೊಡ್ಡ ಬಟ್ಟಲಿನಲ್ಲಿ ಅದರ ಪ್ರೇಕ್ಷಕರು ಅಲ್ಲೊಬ್ಬರು ಇಲ್ಲೊಬ್ಬರಂತೆ ಕಾಣುತ್ತಿದ್ದರು. 1997ರ ನವೆಂಬರಿನಲ್ಲಿ ಅದರ ಮಹತ್ವದ ಪಂದ್ಯವೊಂದರ ದಿನವೇ ದೊಡ್ಡ ಕ್ರೀಡಾಂಗಣವನ್ನು ಐರ್ಲೆಂಡಿನ ಯೂ ಟೂ ವಾದ್ಯವೃಂದದ ಸಂಗೀತ ಕಾರ್ಯಕ್ರಮಕ್ಕೆ ಕೊಟ್ಟಾಗಿತ್ತು. ಬೇರೆ ದಾರಿಯಿಲ್ಲದೆ ತಂಡವು 1915ರಲ್ಲಿ ಕಟ್ಟಿದ, ಇಪ್ಪತ್ತು ಸಾವಿರ ಚಿಲ್ಲರೆ ಆಸನಗಳ ಮೋಲ್ಸನ್‌ಗೆ ಹೋಯಿತು. ಟಿಕೆಟ್ಟುಗಳೆಲ್ಲ ಖರ್ಚಾದವು. ಮರುವರ್ಷವೇ ತಂಡ ತನ್ನ ತವರನ್ನು ಅಲ್ಲಿಗೆ ಬದಲಿಸಿಕೊಂಡಿತು. ಎಕ್ಸ್‌ಪೋಸ್ ತಂಡ ದೊಡ್ಡದರಲ್ಲಿಯೇ ಉಳಿಯಿತು. ಕೊನೆಕೊನೆಗೆ ಹತ್ತು ಸಾವಿರ ಜನವೂ ಬರದಂತಾಗಿ, 2004ರಲ್ಲಿ ಊರನ್ನೇ ಬಿಟ್ಟು ವಾಷಿಂಗ್ಟನ್ ಸೇರಿತು. ಅಲ್ವೆಟ್ಸ್ ಈಗಲೂ ಮೋಲ್ಸನ್‌ನಲ್ಲಿಯೇ ಆಡುತ್ತಿದೆ.