ಸಂಪಾದಕರ ಉತ್ತರ: ಹಾರಿಯದು ಬರೀ ಅದೃಷ್ಟವೇ?

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ನ ಬ್ಯಾಸ್ಕೆಟ್‌ಬಾಲ್ ಆಟಗಾರ ರಾಬರ್ಟ್ ಹಾರಿಯನ್ನು ಅಟ್ಟಕ್ಕೇರಿಸಿದ್ದೀರಿ. ಪಂದ್ಯಕ್ಕೆ ಸರಾಸರಿ 7 ಅಂಕದವನು! ಚೆಂಡು ಕೈಗೆ ಬಂತು, ಎಸೆದ, ಬಿತ್ತು. ಅದೃಷ್ಟವಲ್ಲದೆ ಇನ್ನೇನು? ಕಾಲೇಜು ತಂಡದ ಬೆಂಚಿನಲ್ಲಿ ಕೂರುವ ನನ್ನ ಮಗಳು ಇದನ್ನೋದಿ ದಿನಾ ಸಂಜೆ ಕೊನೆ ಸೆಕೆಂಡಿನ ತ್ರೀ ಪಾಯಿಂಟರನ್ನೇ (ದೂರದ ಗೆರೆಯ ಹೊರಗಿನಿಂದ ಎಸೆಯುವ, ಬಿದ್ದರೆ ಮೂರು ಅಂಕದ ಎಸೆತ) ಎಸೆಯುತ್ತಿದ್ದಾಳೆ.
– ಓದುಗರೊಬ್ಬರು, ಉಡುಪಿ

ಮಾನ್ಯರೇ,

2002ರ ಮೇ ತಿಂಗಳ ಪಂದ್ಯವನ್ನು ಅದೃಷ್ಟವೆಂದರೆ ನಾನು ಜಗಳಕ್ಕೆ ಬರುವುದಿಲ್ಲ. ಸ್ಯಾಕ್ರಮೆಂಟೊ ಕಿಂಗ್ಸ್ ಎದುರು ಒಂದು ಹಂತದಲ್ಲಿ 24 ಅಂಕ ಹಿಂದಿದ್ದ ಹಾರಿಯ ಆಗಿನ ತಂಡ ಲೇಕರ್ಸ್, ಕೊನೆಯ ಗಳಿಗೆಗೆ 97–99ಕ್ಕೆ ಬಂದಿತ್ತು. ಕೋಬಿ ಬ್ರಯಾಂಟ್ ಎಸೆದದ್ದು ತಪ್ಪಿತು, ಶಕೀಲ್ ಓನೀಲ್ ಮತ್ತೆ ತಳ್ಳಿದ್ದೂ ತಪ್ಪಿತು. ಎದುರಾಳಿ ವ್ಲಾಡೆ ಡಿವಾಟ್ಸ್ ಚೆಂಡನ್ನು ಹೊರಕ್ಕೆ ಬಡಿದ. ಅದು ಸೀದಾ ಹಾರಿಯ ಕೈ ಸೇರಿತು, 100–99. ಆದರೆ ಎಲ್ಲರೂ ರಿಂಗಿನ ಕೆಳಗೆ ಮುಗಿಬಿದ್ದಾಗ ಅವನು ಮೂರಂಕದ ಗೆರೆಯ ಹೊರಗೇ ಉಳಿದಿದ್ದನಲ್ಲ, ಅದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

2005ರ ಫೈನಲ್‌ನ ಐದನೇ ಪಂದ್ಯಕ್ಕೆ ಬನ್ನಿ. ಅಲ್ಲಿ ಅದೃಷ್ಟದ ಮಾತು ನಡೆಯುವುದಿಲ್ಲ. ಸರಣಿ 2–2, ಎದುರಿಗೆ ಡೆಟ್ರಾಯಿಟ್ ಪಿಸ್ಟನ್ಸ್, ಹೆಚ್ಚುವರಿ ಅವಧಿ, ಹಾರಿ ಆಗ ಆಡುತ್ತಿದ್ದ ಸ್ಪರ್ಸ್ ಎರಡು ಅಂಕ ಹಿಂದೆ. ಅಂಗಳದ ಅಂಚಿನ ಗೆರೆಯಾಚೆಯಿಂದ ಚೆಂಡು ಒಳಗೆ ಕೊಟ್ಟವನು ಹಾರಿಯೇ. ಮೂಲೆಯಲ್ಲಿ ಅದನ್ನು ಹಿಡಿದ ಜೊತೆಗಾರ ಮನು ಜಿನೋಬಿಲಿಯ ಮೇಲೆ ಎದುರಾಳಿ ರಶೀದ್ ವಾಲೆಸ್ ಓಡಿ ಬಿದ್ದ. ಅಂದರೆ ತಾನು ಕಾಯಬೇಕಿದ್ದ ಹಾರಿಯನ್ನೇ ಬಿಟ್ಟ. ಚೆಂಡು ತಿರುಗಿ ಬಂತು. 5.8 ಸೆಕೆಂಡ್ ಉಳಿದಿರುವಾಗ 96–95. ಆ ದಿನ ಹಾರಿ 21 ಅಂಕ ಗಳಿಸಿದ್ದ.

ಅವನನ್ನು ಯಾಕೆ ಬಿಟ್ಟರು? ಸರಾಸರಿ 7 ಅಂಕದವನು, ಅದಕ್ಕೇ! ಅವನ ಜೊತೆ ಆಡಿದ ಒಲಾಜುವಾನ್, ಓನೀಲ್, ಡಂಕನ್ ಅವರಂಥ ತಾರೆಯರ ಸುತ್ತ ಇಬ್ಬರು ಮೂವರು ಮುತ್ತಿದರೆ ಇನ್ನೊಬ್ಬ ಖಾಲಿ ಸಿಗಲೇಬೇಕು. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ತಾರೆ ಮೈಕಲ್ ಜೋರ್ಡನ್ ಕಡೆ ಎದುರಾಳಿ ಸ್ಟಾಕ್ಟನ್ ಓಡಿದಾಗ ಜೋರ್ಡನ್‌ನ ಜೊತೆಗಾರ ಸ್ಟೀವ್ ಕರ್‌ಗೆ ಸಿಕ್ಕಿದ್ದೂ ಅದೇ ಖಾಲಿ ಜಾಗ. ಯಕ್ಷಗಾನ ನೋಡಿ ಬೆಳೆದ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಎದುರು ವೇಷ ಸಪ್ಪೆಯಾದರೆ ಪ್ರಧಾನ ವೇಷವೂ ರಂಗೇರುವುದಿಲ್ಲ.

ನಿಮ್ಮ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಹಾರಿ ಮಹಾ ಗುರಿಕಾರನಲ್ಲ. ಅವನ ತ್ರೀ ಪಾಯಿಂಟರ್‌ಗಳಲ್ಲಿ ಬಿದ್ದದ್ದು ಶೇ. 34ರಷ್ಟು. 2003ರಲ್ಲಿ ಇದೇ ಸ್ಪರ್ಸ್ ಎದುರು ಲೇಕರ್ಸ್ ಪರ ಕೊನೆಗೆ ಎಸೆದದ್ದು ರಿಂಗಿನೊಳಗೆ ಇಳಿದಂತೆ ಮಾಡಿ ಹೊರಗೆ ಚಿಮ್ಮಿತು. ಸರಣಿಯೂ ಹೋಯಿತು. ತಮಾಷೆಯೆಂದರೆ, ಆ ಬೇಸಿಗೆಯಲ್ಲೇ ಸ್ಪರ್ಸ್ ಅವನನ್ನು ಕರೆದುಕೊಂಡಿತು. ತಪ್ಪಿದ್ದಕ್ಕೆ ಹೆದರಿ ಮುಂದಿನ ಸಲ ಕೈ ಹಿಂದೆಳೆಯುವವನಲ್ಲ ಎಂಬುದಷ್ಟೇ ಅವನ ಬಂಡವಾಳವೆಂದು ನನಗನ್ನಿಸುತ್ತದೆ. ಮೂರು ತಂಡಗಳಲ್ಲಿ 7 ಚಾಂಪಿಯನ್ ಪಟ್ಟ ಬರೀ ಹಣೆಬರಹದಿಂದ ಬರುತ್ತದೆಯೇ, ನೀವೇ ಹೇಳಿ.

ಇನ್ನು ಮಗಳ ವಿಷಯ. ಅವಳನ್ನು ತಡೆಯಬೇಡಿ. ಆದರೆ ಒಬ್ಬಳೇ ನಿಂತು ಎಸೆದರೆ ಸಾಲದು. ಮಂಗಳೂರಿನ ಅಂತರಕಾಲೇಜು ಪಂದ್ಯಗಳಲ್ಲಿ ನಾನು ಕಾಣುವುದೆಂದರೆ, ಚೆಂಡು ಒಳಗೆ ಕೊಟ್ಟ ಹುಡುಗಿ ತನ್ನ ಕೆಲಸ ಮುಗಿಯಿತೆಂದು ಅಲ್ಲೇ ನಿಂತುಬಿಡುತ್ತಾಳೆ. ನಿಮ್ಮ ಮಗಳು ಗೆಳತಿಗೆ ಚೆಂಡು ಕೊಟ್ಟು, ಕೂಡಲೇ ಮೂರಂಕದ ಗೆರೆಯ ಹೊರಗೆ ಕಾಲೂರಿ, ತಿರುಗಿ ಬಂದದ್ದನ್ನು ಎಸೆಯಲಿ. ಎನ್‌ಬಿಎಯಲ್ಲಿ ಆ ಗೆರೆ ರಿಂಗಿನ ನೇರ ಎದುರಿಗೆ 7.24 ಮೀಟರ್ ದೂರ; ನಮ್ಮಲ್ಲಿ 6.75 ಸಾಕು.

– ಸಂಪಾದಕ